ಟೊಂಕದಾಗೊಂದು ಮಾಣಿಕ್ಯ!

ಮೊದಲು ಒಂದು ಒಗಟು. ಬೆಳಗಾವಿಯ ಕಾರ್ಖಾನೆಗೆ ಬರುವ ಕೆಂಪು ಅದಿರು, ಉಂಗುರದ ಮಾಣಿಕ್ಯ, ತುಬಚಿಯ ಅಜ್ಜಿಯ ಟೊಂಕ. ಈ ಮೂರಕ್ಕೂ ಏನು ನಂಟು? ಹೇಳಿ ನೋಡೋಣ!

ಹೊಳೆಯಲಿಲ್ಲವೇ? ನನಗೂ ಹೊಳೆದಿರಲಿಲ್ಲ. ತಿಳಿದ ರಾತ್ರಿ ನಿದ್ದೆ ಬರಲಿಲ್ಲ!

ಅಜ್ಜಿಯಿಂದಲೇ ಶುರುಮಾಡೋಣ. ಕೃಷ್ಣೆಯ ದಂಡೆಯ ಆ ಊರಲ್ಲಿ ಕಬ್ಬಿನ ಹೊಲದಲ್ಲಿ ಬಾಗಿ ಬಾಗಿ ಟೊಂಕದ ಕೀಲು ಸವೆಸಿಕೊಂಡ ಯಾವ ಅಜ್ಜಿಯಾದರೂ ಸರಿ. ಡಾಕ್ಟರು ಸವೆದ ಮೂಳೆಯ ತಲೆ ತೆಗೆದು ಹೊಸ ಗುಂಡು ಕೂಡಿಸುತ್ತಾರೆ. ಸಣ್ಣ ಲಿಂಬೆಹಣ್ಣಿನಷ್ಟು. ಯಾವುದರದು? ಉಕ್ಕಿನದು ಎಂದಿರಾ? ಲೋಹದ್ದೂ ಉಂಟು. ಆದರೆ ಎಷ್ಟೋ ಸಲ ಅದು ಪಿಂಗಾಣಿ! ಹೌದ್ರೀ, ಚಹಾದ ಕಪ್ಪು-ಬಸಿಯ ಬಳಗದ್ದು! 1970ರಲ್ಲೇ ಫ್ರಾನ್ಸಿನ ಪಿಯರ್ ಬುಟಾಂ ಎಂಬ ವೈದ್ಯ ಇಂಥ ಕೀಲು ಕೂಡಿಸಿದ್ದ.

ಈ ಪಿಂಗಾಣಿಯ ಮೂಲ ಅಲ್ಯುಮಿನಾ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಬೆಳ್ಳನೆಯ ಪುಡಿ ಇದೇ. (ಆ ಪುಡಿಯೇ ಅಜ್ಜಿಯ ಟೊಂಕ ಸೇರುತ್ತದೆ ಎನ್ನುತ್ತಿಲ್ಲ. ದೇಹಕ್ಕೆ ಹೋಗುವುದು ಇನ್ನೂ ಶುದ್ಧ. ಜಾತಿ ಮಾತ್ರ ಒಂದೇ.) ಮಾಣಿಕ್ಯ? ಅದೂ ಅಲ್ಯುಮಿನಾ! ನೀಲಮಣಿ? ಅದೂ! ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಇದಕ್ಕೆ 9.

ನೀಲಮಣಿ ಎಂದಾಗ ನೆನಪಾಯಿತು. ಅದನ್ನು ಎದೆಯೊಳಗೇ ಇಡಲು ಹೊರಟವರಿದ್ದರು ಗೊತ್ತೇ? ಮುಂದೆ ಮಣಿಪಾಲದಲ್ಲಿ ನೆಲೆಸಿದ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ. ಹೃದಯದ ಕವಾಟಕ್ಕೆ ಕೃತಕ ನೀಲಮಣಿಯ ಬಿಲ್ಲೆ! ಹೃದಯ ವರ್ಷಕ್ಕೆ ಎಷ್ಟು ಸಲ ಬಡಿಯುತ್ತದೆ, ಊಹಿಸಿ. ಲಕ್ಷ? ಹತ್ತು ಲಕ್ಷ? ಹತ್ತಿರಹತ್ತಿರ 4 ಕೋಟಿ! ಪ್ರತಿ ಬಡಿತಕ್ಕೂ ಬಿಲ್ಲೆ ಒಮ್ಮೆ ತೆರೆದು ಒಮ್ಮೆ ಮುಚ್ಚಬೇಕು. ಪ್ರಾಣಿಯ ಮೇಲಿನ ಪರೀಕ್ಷೆಯಲ್ಲಿ ಅದು ಒಡೆದೇಹೋಯಿತು. ಕೊನೆಗೆ ಗೆದ್ದದ್ದು ಪ್ಲಾಸ್ಟಿಕ್ ಬಿಲ್ಲೆ. 1990ರ ಡಿಸೆಂಬರ್ 6ರಂದು ಮೊದಲ ಬಾರಿ ಮನುಷ್ಯನ ಎದೆ ಸೇರಿತು.

ಪಿಂಗಾಣಿಯ ಹಣೆಬರಹವೇ ಅಷ್ಟು. ಸುಲಭಕ್ಕೆ ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ದೇಹಕ್ಕೆ ಒಗ್ಗುತ್ತದೆ. ಆದರೆ ಒಮ್ಮೆ ಬಿರುಕು ಬಿಟ್ಟರೆ ಮುಗಿಯಿತು!

ಮುಗಿಯಿತೇ? ಇಲ್ಲ! ಇಲ್ಲೇ ಇರುವುದು ನನ್ನ ನಿದ್ದೆ ಕೆಡಿಸಿದ ಸಂಗತಿ. ಅಲ್ಯುಮಿನಾಕ್ಕೆ ಜಿರ್ಕೋನಿಯಾ ಎಂಬ ಇನ್ನೊಂದು ಪುಡಿ ಬೆರೆಸಿ ಸುಡುತ್ತಾರೆ. ಬಿರುಕೊಂದು ಹುಟ್ಟಿತು ಎನ್ನಿ. ಅದರ ತುದಿ ಜಿರ್ಕೋನಿಯಾದ ಕಣದ ಹತ್ತಿರ ಬರುತ್ತದೆ. ಬಂದದ್ದೇ ತಡ, ಕಣದೊಳಗಿನ ಹರಳಿನ ಜೋಡಣೆಯೇ ಬದಲಾಗುತ್ತದೆ! ಕಣ ಉಬ್ಬುತ್ತದೆ! ಎಷ್ಟು? ಬರೀ ನೂರಕ್ಕೆ ನಾಲ್ಕರಷ್ಟು. ಅಷ್ಟೇ ಸಾಕು. ಉಬ್ಬಿದ ಕಣಗಳು ಎರಡೂ ಕಡೆಯಿಂದ ಒತ್ತಿ ಬಿರುಕಿನ ಬಾಯಿ ಹಿಚುಕುತ್ತವೆ. ಬಿರುಕು ನಿಂತಲ್ಲೇ ನಿಲ್ಲುತ್ತದೆ! ಕಲ್ಲಿಗೆ ಇಂಥ ಬುದ್ಧಿ!

ಈ ಗುಟ್ಟು 1975ರಲ್ಲಿ ಆಸ್ಟ್ರೇಲಿಯಾದ ಮೂವರು ವಿಜ್ಞಾನಿಗಳಿಂದ ಬಯಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡವೂ ಇಂಥ ಮಿಶ್ರ ಪಿಂಗಾಣಿಯ ಕೀಲಿನ ಮೇಲೆ ಕೆಲಸ ಮಾಡಿದೆ.

ಅಂದಹಾಗೆ ಮಿಶ್ರ ಪಿಂಗಾಣಿಯ ಒಂದು ಹೆಸರಾಂತ ಗುಂಡು ಬೆಳ್ಳಗಿಲ್ಲ, ಗುಲಾಬಿ! ಬಣ್ಣ ಎಲ್ಲಿಂದ? ಬೆರೆಸಿದ ಚಿಟಿಕೆ ಕ್ರೋಮಿಯಂನಿಂದ. ಮಾಣಿಕ್ಯವನ್ನು ಕೆಂಪಾಗಿಸುವುದೂ ಅದೇ ಕ್ರೋಮಿಯಂ!

ಗುಂಡಾಯಿತು, ಅದನ್ನು ಹೊತ್ತ ಲೋಹದ ಕಡ್ಡಿ? ತೊಡೆಮೂಳೆಯೊಳಗೆ ಇಳಿಯುವ ಅದಕ್ಕೆ ಎಷ್ಟೋ ಸಲ ಒಂದು ಲೇಪ ಬಳಿದಿರುತ್ತಾರೆ. ದಪ್ಪ? ತಲೆಗೂದಲಿನಷ್ಟು. ಬಳಿಯುವ ಜ್ವಾಲೆಯ ಬಿಸಿ? ಸೂರ್ಯನ ಮೈಗಿಂತ ಹೆಚ್ಚು! ಆ ಲೇಪ ನಮ್ಮ ಹಲ್ಲು, ಮೂಳೆಗಳಲ್ಲಿರುವ ಖನಿಜದ ತಮ್ಮ. ಮೂಳೆ ಮೋಸಹೋಗುತ್ತದೆ! ತನ್ನವನೇ ಎಂದು ಬೆಳೆದು ಅಪ್ಪಿಕೊಳ್ಳುತ್ತದೆ.

ಇನ್ನೊಂದು ಬಿಟ್ಟೇಬಿಟ್ಟಿದ್ದೆ. ಗುಂಡೂ ಪಿಂಗಾಣಿ, ಅದು ಕೂರುವ ಬಟ್ಟಲೂ ಪಿಂಗಾಣಿಯಾದರೆ, ಕೆಲವರ ಟೊಂಕ ನಡೆಯುವಾಗ ‘ಕಿರ್‍ರ್’ ಎನ್ನುತ್ತದೆ. ನಿಜವಾಗಿ! ಪಕ್ಕದಲ್ಲಿದ್ದವರಿಗೂ ಕೇಳಿಸುವಷ್ಟು! ಎತ್ತಿನ ಗಾಡಿಯಾಗಿದ್ದರೆ ಅಜ್ಜ ಕೀಲೆಣ್ಣೆಯ ಗೊಟ್ಟ ಹಿಡಿದು ಓಡಿಬರುತ್ತಿದ್ದ.