ಸಂಬಳದ ಬುತ್ತಿ, ಗುತ್ತಿಗೆಯ ದರ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಕನ್ನಡ ಮೇಷ್ಟರನ್ನು ಯಾರೂ ಕೇಳದಂಥ ಪ್ರಶ್ನೆಯೊಂದನ್ನು ಹೊತ್ತು ಮನೆಗೆ ಬಂದನು. ಆತ ಬೆಂಗಳೂರಿನ ಕಂಪೆನಿಯೊಂದರಲ್ಲಿ ನೆಟ್‌ವರ್ಕ್ ಇಂಜಿನಿಯರು. ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಸ್ವಿಚ್ಚು, ರೌಟರುಗಳ ಯೋಗಕ್ಷೇಮವೇ ಆತನ ಕಾಯಕ. ತಿಂಗಳಿಗೆ 80,000 ರೂಪಾಯಿ ಸಂಬಳ. ಈಗ ಬೇರೊಂದೆಡೆಯಿಂದ ಕರೆ ಬಂದಿದೆ: ಗುತ್ತಿಗೆಯ ಕೆಲಸ, ದುಡಿದ ದಿನಕ್ಕೆ 4,500. ತಿಂಗಳಿಗೆ 22 ದಿನವೆಂದರೆ 99,000! “ಇದನ್ನು ಬಿಟ್ಟುಬಿಡಲೆ, ಸಾರ್?”

ಸಂಬಳವೆಂಬ ಮಾತು ಸಂಸ್ಕೃತದ ‘ಶಂಬಲ’ದಿಂದ ಬಂದುದು, ಅದರ ಅರ್ಥ ದಾರಿಬುತ್ತಿ. (ಪದಮೂಲ ಕೆದಕುವುದು ಮೇಷ್ಟರ ಚಾಳಿ, ವಾಚಕರು ಮನ್ನಿಸಬೇಕು.) ನಡೆಯುವಾಗಲೂ, ದಣಿದು ಮರದ ನೆರಳಿನಲ್ಲಿ ಕುಳಿತಾಗಲೂ ಬುತ್ತಿ ಜೊತೆಗಿರುತ್ತದೆ. ದಿನಗುತ್ತಿಗೆಯ ಹಣಕ್ಕಾದರೋ ನಡೆದ ಹೆಜ್ಜೆಯಷ್ಟೇ ಗೊತ್ತು, ನೆರಳು ಗೊತ್ತಿಲ್ಲ.

ಇಬ್ಬರೂ ಕಾಗದ ಹಿಡಿದು ಕುಳಿತೆವು. ವರ್ಷದ 365 ದಿನಗಳಲ್ಲಿ ಶನಿವಾರ ಭಾನುವಾರ ಕಳೆದರೆ 261. ಹಬ್ಬಗಳಿಗೆ 10, ಜ್ವರಕ್ಕೂ ಊರಿಗೂ 20, ಒಂದು ಕರಾರು ಮುಗಿದು ಇನ್ನೊಂದು ದೊರೆಯುವವರೆಗೆ 30 ದಿನವೆಂದು ಹಿಡಿದೆವು. ಉಳಿದದ್ದು ಸುಮಾರು 200. ಅಲ್ಲಿಗೆ ಗುತ್ತಿಗೆಯ ಗಳಿಕೆ 9,00,000; ಸಂಬಳವೋ 9,60,000! ಮೂಲವೇತನ 40,000 ಎಂದಿಟ್ಟುಕೊಂಡರೆ ಕಂಪೆನಿಯು ಭವಿಷ್ಯನಿಧಿಗೆ ಕಟ್ಟುವ ಶೇಕಡ 12ರ ಪಾಲು ವರ್ಷಕ್ಕೆ 57,600. ಐದು ವರ್ಷ ನಿಂತವನಿಗೆ ಸಲ್ಲುವ ಗ್ರಾಚ್ಯುಯಿಟಿ ವರ್ಷವೊಂದಕ್ಕೆ 15 ದಿನದ ಲೆಕ್ಕದಲ್ಲಿ 23,000ದಷ್ಟು. ಇವನ್ನೆಲ್ಲ ಕೂಡಿಸಿ 200ರಿಂದ ಭಾಗಿಸಿದಾಗ ದಿನಕ್ಕೆ 5,200 ಬಂದಿತು. ಆಸ್ಪತ್ರೆಯ ವಿಮೆ ಇನ್ನೂ ಹೊರಗೇ ಉಳಿದಿತ್ತು. ಮೂರು ವರ್ಷಕ್ಕೊಮ್ಮೆ ಸಿಸಿಎನ್‌ಎ ಪ್ರಮಾಣಪತ್ರವನ್ನು ನವೀಕರಿಸುವ ಖರ್ಚೂ ಗುತ್ತಿಗೆಯವನ ಜೇಬಿನದೇ.

ಹುಡುಗನ ಮುಖ ಸಪ್ಪಗಾಯಿತು. ನನಗೆ ನನ್ನದೇ ದಿನಗಳು ನೆನಪಾದವು. ಅತಿಥಿ ಉಪನ್ಯಾಸಕನಾಗಿದ್ದಾಗ ಪಾಠ ಹೇಳಿದ ಗಂಟೆಗಷ್ಟೇ ಹಣ. ಬೇಸಿಗೆಯ ರಜೆಯೆಂದರೆ ಮಕ್ಕಳಿಗೆ ಮಾವಿನಕಾಯಿ, ನನಗೆ ಕಿರಾಣಿಯಂಗಡಿಯ ಸಾಲ. ‘ಅತಿಥಿ’ಗೆ ಊಟವಿಲ್ಲದ ಮನೆ ಅದೊಂದೇ ಇರಬೇಕು!

ಆದರೂ ಗುತ್ತಿಗೆಯನ್ನು ಸಾರಾಸಗಟಾಗಿ ಹಳಿಯಲಾರೆ. ಕಚೇರಿಯೊಂದು ಹೊಸ ಕಟ್ಟಡಕ್ಕೆ ಹೋಗುವಾಗ ತಂತಿಯೆಳೆದು, ಯಂತ್ರ ಕೂಡಿಸಿ, ಒಂದೇ ರಾತ್ರಿಯಲ್ಲಿ ಹಳೆಯ ಜಾಲದಿಂದ ಹೊಸದಕ್ಕೆ ದಾಟಿಸುವ ಕೆಲಸ ಸ್ವಭಾವತಃ ಗುತ್ತಿಗೆಯದು. ಅದಕ್ಕೆ ಮೊದಲಿದೆ, ಮುಕ್ತಾಯವಿದೆ. ಆ ಜಾಲವನ್ನು ದಿನವೂ ಕಾಯುವ ಕೆಲಸಕ್ಕೆ ಮುಕ್ತಾಯವೆಲ್ಲಿ? ಕೊನೆಯಿಲ್ಲದ ಕೆಲಸಕ್ಕೆ ಕೊನೆಯುಳ್ಳ ಕರಾರು ಬರೆಸಿಕೊಂಡು ಆರಾರು ತಿಂಗಳಿಗೆ ನವೀಕರಿಸುತ್ತ ಹೋಗುವುದು ನನ್ನ ದೃಷ್ಟಿಯಲ್ಲಿ ವ್ಯಾಪಾರವಲ್ಲ, ಜಾಣತನ. ನಡುವೆ ಆಳು ಒದಗಿಸುವ ಮಧ್ಯವರ್ತಿಯೊಬ್ಬನಿದ್ದರಂತೂ ಕೆಲಸ ಕೊಟ್ಟವರು ತೆತ್ತ ದರದಲ್ಲಿ ಆತನ ಪಾಲು ಮೊದಲು ಕಳೆಯುತ್ತದೆ. ಅದೆಷ್ಟೆಂಬುದು ದುಡಿಯುವವನಿಗೆ ಸಾಮಾನ್ಯವಾಗಿ ತಿಳಿಯದು.

“ಇದರಲ್ಲಿ ನಿನ್ನದು ಯಾವ ಬಗೆ?” ಎಂದೆ. ಕಟ್ಟಡ ಬದಲಾವಣೆಯ ಕೆಲಸ, ಎಂಟು ತಿಂಗಳು, ಮಧ್ಯವರ್ತಿಯಿಲ್ಲ ಎಂದನು. ಹಾಗಿದ್ದರೆ ದರ ಕೇಳಿ ನೋಡು ಎಂದೆ. ಅಲ್ಲಿಯೇ ಕುಳಿತು 5,500ಕ್ಕೆ ಪತ್ರ ಬರೆದು ಕಳುಹಿಸಿದನು. ರಾಜೀನಾಮೆಯನ್ನು ಮಾತ್ರ ಬರೆಯಲಿಲ್ಲ. ಉತ್ತರವಿನ್ನೂ ಬಂದಿಲ್ಲವೆಂದು ನಿನ್ನೆ ಫೋನಿನಲ್ಲಿ ತಿಳಿಸಿದನು.