ಜೆ-1 ವೀಸಾ: ಎರಡು ವರ್ಷದ ಷರತ್ತು ಯಾರಿಗೆ?

ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಹೊರಟಿದ್ದೀರಾ?
ಮುಗಿದ ಮೇಲೆ ಅಲ್ಲೇ ಕೆಲಸ ಹಿಡಿಯೋ ಯೋಚನೆಯಾ?
ಸ್ವಲ್ಪ ತಡೀರಿ.

ಜೆ-1 ಅಂದ್ರೆ ವಿನಿಮಯ ವೀಸಾ.
ವಿದ್ಯಾರ್ಥಿಗಳಿಗೂ ಕೊಡ್ತಾರೆ,
ಸಂದರ್ಶಕ ಪ್ರಾಧ್ಯಾಪಕರಿಗೂ ಕೊಡ್ತಾರೆ.
ಬಿತ್ತನೆಗೆ ಕಡ ಕೊಟ್ಟ ರಾಗಿ ಇದ್ದ ಹಾಗೆ ಇದು.
ಬೆಳೆದ ಮೇಲೆ ಕೊಟ್ಟವರ ಮನೆಗೆ ಬರಬೇಕು.

ಅದಕ್ಕೇ ಕೆಲವರಿಗೆ ಒಂದು ಷರತ್ತು:
ಎರಡು ವರ್ಷ ಸ್ವದೇಶದಲ್ಲಿ ಇರಬೇಕು.
ಇಲ್ಲಾ, ವಿನಾಯಿತಿ ಪಡೀಬೇಕು.
ಅಲ್ಲೀವರೆಗೆ ಎಚ್-1ಬಿ ಕೆಲಸದ ವೀಸಾ ಇಲ್ಲ, ಗ್ರೀನ್ ಕಾರ್ಡೂ ಇಲ್ಲ.

‘ಈ ವಿದ್ಯೆ ಇವರ ದೇಶಕ್ಕೇ ಬೇಕು’ ಅಂತ ಈ ಷರತ್ತು ಹಾಕೋ ಪಟ್ಟಿಯಿಂದ
2024ರ ಡಿಸೆಂಬರ್‌ನಲ್ಲಿ ಅಮೆರಿಕ ಭಾರತವನ್ನ ಕೈಬಿಡ್ತು.
ನಮ್ಮ ಎಷ್ಟೋ ಸಂಶೋಧಕರಿಗೆ ದೊಡ್ಡ ನೆಮ್ಮದಿ!

ಆದ್ರೆ ಸರ್ಕಾರದ ದುಡ್ಡಲ್ಲಿ ಹೋದವರಿಗೆ,
ಅಲ್ಲಿ ರೆಸಿಡೆನ್ಸಿ ಮಾಡೋ ಡಾಕ್ಟರುಗಳಿಗೆ
ಷರತ್ತು ಹಾಗೇ ಇದೆ.

ನಿಮಗೆ ಷರತ್ತು ಇದೆಯಾ ಅಂತ ನೋಡೋಕೆ ವೀಸಾ, ಜೆ-1ರ ಡಿಎಸ್-2019 ಫಾರಂ, ಎರಡನ್ನೂ ಈಗಲೇ ತೆಗೆದು ಓದಿ.