ಜೆರಾಕ್ಸ್ ಕೋಣೆ: ವಿಶ್ವವಿದ್ಯಾಲಯದ ನೆರಳಚ್ಚು ಸೇವೆಯ ಪರಿಚಯ

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊಂದಿಕೊಂಡಿರುವ ನೆರಳಚ್ಚು ವಿಭಾಗವು, ಅಂದರೆ ವಿದ್ಯಾರ್ಥಿಗಳ ಮಾತಿನ ಜೆರಾಕ್ಸ್ ಕೋಣೆಯು, ಆ ಸಂಸ್ಥೆಯ ಪರಿಚಯ ಪುಸ್ತಿಕೆಯಲ್ಲಿ ಹೆಚ್ಚೆಂದರೆ ಒಂದು ಸಾಲಿನಷ್ಟು ಜಾಗ ಪಡೆಯುತ್ತದೆ. ಆದರೆ ಪುಸ್ತಕ ಕೊಳ್ಳುವ ಶಕ್ತಿಯಿಲ್ಲದ, ಅಥವಾ ಶಕ್ತಿಯಿದ್ದರೂ ಬೇಕಾದ ಪುಸ್ತಕವೇ ಮಾರುಕಟ್ಟೆಯಲ್ಲಿ ಸಿಗದ ವಿದ್ಯಾರ್ಥಿಯ ಮನೆಯವರೆಗೆ ಗ್ರಂಥಾಲಯದ ಸಂಪತ್ತು ತಲುಪುವುದು ಬಹುಮಟ್ಟಿಗೆ ಈ ಕೋಣೆಯ ಮೂಲಕವೇ ಆದ್ದರಿಂದ, ಇದನ್ನು ಆವರಣದೊಳಗಿನ ಅಂಗಡಿಯೆಂದು ಎಣಿಸುವುದಕ್ಕಿಂತ ಗ್ರಂಥಾಲಯದ ಅಂಗವೆಂದು ಪರಿಗಣಿಸುವುದು ನ್ಯಾಯ.

ಚಾಮರಾಜನಗರ ಜಿಲ್ಲೆಯಂಥ ಕಡೆ ಈ ಮಾತಿಗೆ ಹೆಚ್ಚಿನ ತೂಕವಿದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ವಿದ್ಯಾರ್ಥಿಗಳು ಸ್ನಾತಕೋತ್ತರ ಓದಿಗಾಗಿ ದೀರ್ಘಕಾಲ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯನ್ನೇ ನೆಚ್ಚಿದ್ದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯವು ಚಾಮರಾಜನಗರದ ಹೊರವಲಯದ ಬೇಡರಪುರದ ಬಳಿ ಸುವರ್ಣಗಂಗೋತ್ರಿ ಎಂಬ ಹೆಸರಿನ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು, ಅದೇ ಈಗ ಚಾಮರಾಜನಗರ ವಿಶ್ವವಿದ್ಯಾಲಯದ ನೆಲೆಯಾಗಿದೆ. ಸಂತೆಮರಹಳ್ಳಿ, ಯಳಂದೂರು, ಗುಂಡ್ಲುಪೇಟೆಗಳ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗೆ ತರಗತಿಗಳ ನಡುವೆ ಗ್ರಂಥಾಲಯದಲ್ಲಿ ಕೂರಲು ಸಿಗುವ ಹೊತ್ತು ಕಡಿಮೆ, ಊರಿಗೆ ಹೋಗುವ ಬಸ್ಸು ಅವನಿಗಾಗಲಿ ಅವಳಿಗಾಗಲಿ ಕಾಯುವುದಿಲ್ಲ. ಅಂಥವರಿಗೆ ಓದಬೇಕಾದ ಇಪ್ಪತ್ತು ಪುಟ ಕೈಯಲ್ಲಿದ್ದರೆ ಓದು ರಾತ್ರಿ ಮನೆಯಲ್ಲಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಮರುದಿನಕ್ಕೆ ಬೀಳುತ್ತದೆ.

ಸಂತೆಮರಹಳ್ಳಿಯು ಹೋಬಳಿ ಕೇಂದ್ರ. ಪಹಣಿ, ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರಗಳ ಕೆಲಸಕ್ಕೆ ಸುತ್ತಲ ಹಳ್ಳಿಗಳವರು ಬರುವ ಇಂಥ ಊರುಗಳಲ್ಲಿ ಜೆರಾಕ್ಸ್ ಎಂಬುದು ಯಾರಿಗೂ ಹೊಸದಲ್ಲ. ಯಾವ ಅರ್ಜಿಗೂ ಮೂಲಪ್ರತಿಯ ಜೊತೆ ಎರಡು ಜೆರಾಕ್ಸ್ ಬೇಕು ಎಂಬುದು ಶಾಲೆ ಕಾಣದವರಿಗೂ ಗೊತ್ತು. ಆದರೆ ಬೀದಿಯ ಅಂಗಡಿ ಬಿಡಿ ಕಾಗದವನ್ನು ನಕಲು ಮಾಡುತ್ತದೆ, ವಿಶ್ವವಿದ್ಯಾಲಯದ ಸೇವೆ ಪುಸ್ತಕವನ್ನು ನಕಲು ಮಾಡುತ್ತದೆ. ಪುಸ್ತಕ ಬಂದೊಡನೆ ಅದರ ಬೆನ್ನಿನ ಹೊಲಿಗೆ, ಹಳೆಯ ಹಾಳೆಯ ಬಿರುಸು, ಬರೆದವರ ಹಕ್ಕು ಎಂಬ ಬೇರೆ ಬೇರೆ ಪ್ರಶ್ನೆಗಳೂ ಬರುತ್ತವೆ.

ಪ್ರತಿ ಮಾಡುವುದನ್ನು ದೊಡ್ಡ ಕೆಲಸವೆಂದು ಕಂಡ ಪರಂಪರೆ ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆ ಹೆಮ್ಮೆಯಿಂದ ನೆನೆಯುವ ಸಂಗತಿ. ಓಲೆಗರಿಯ ಮೇಲೆ ಕಂಟದಿಂದ, ಅಂದರೆ ಮೊನಚಾದ ಲೋಹದ ಲೇಖನಿಯಿಂದ, ಅಕ್ಷರ ಕೊರೆದು ಮಸಿ ತುಂಬುತ್ತಿದ್ದ ಲಿಪಿಕಾರರ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ದುಡಿಮೆ ಎಂಬುದನ್ನು ಊಹಿಸಿಕೊಳ್ಳಬಹುದು. ಸಂತೆಮರಹಳ್ಳಿಗೆ ಹತ್ತಿರದ ಯಳಂದೂರಿನ ಸಂಚಿ ಹೊನ್ನಮ್ಮನ ಹದಿಬದೆಯ ಧರ್ಮವಾಗಲಿ, ಚಾಮರಾಜನಗರ ತಾಲ್ಲೂಕಿನ ಕನಕಗಿರಿಯ ದೇವಚಂದ್ರನ ರಾಜಾವಳಿಕಥೆಯಾಗಲಿ ಅಚ್ಚಿನ ಯುಗದವರೆಗೆ ಉಳಿದು ಬಂದದ್ದು ಹೆಸರು ತಿಳಿಯದ ಪ್ರತಿಕಾರರ ತಾಳ್ಮೆಯಿಂದ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾಗಿ ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ಹೀಗೆ ಯಾರೋ ನಕಲು ಮಾಡಿಟ್ಟಿದ್ದ ಓಲೆಗರಿಯ ಪ್ರತಿಯಿಂದಲೇ ಲೋಕಕ್ಕೆ ದೊರೆಯಿತು. ವಿಶ್ವವಿದ್ಯಾಲಯದಲ್ಲಿ ಯಂತ್ರದ ಮುಂದೆ ನಿಂತು ಪುಟ ತಿರುವುವ ನೌಕರನನ್ನು ಈ ಸಾಲಿನಲ್ಲಿ ನಿಲ್ಲಿಸುವುದು ಅತಿಶಯವಾಗದು.

ಯಂತ್ರದ ಕತೆ ಅಮೆರಿಕದ್ದು. ಕಂಪನಿಯೊಂದರ ಪೇಟೆಂಟ್ ವಿಭಾಗದ ಕೆಲಸದಲ್ಲಿ ನಕಾಶೆ ಮತ್ತು ದಾಖಲೆಗಳ ಪ್ರತಿಗಾಗಿ ಪರದಾಡುತ್ತಿದ್ದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುತ್ ಆವೇಶ ಹುಟ್ಟಿಸಿ, ಅಂದಿನ ದಿನಾಂಕ ಮತ್ತು ಸ್ಥಳದ ಹೆಸರನ್ನೇ ಮೊದಲ ಒಣ ಪ್ರತಿಯಾಗಿ ಪಡೆದನು. ಅದು ಕಚೇರಿಗಳಲ್ಲಿ ಬಳಸಬಹುದಾದ ಯಂತ್ರವಾಗಿ, ಜೆರಾಕ್ಸ್ 914 ಎಂಬ ಹೆಸರಿನಲ್ಲಿ, ಹೊರಬರಲು 1959ರವರೆಗೆ ಕಾಲ ಹಿಡಿಯಿತು. ಭಾರತದಲ್ಲಿ ಇದು ವ್ಯಾಪಕವಾದದ್ದು 1980ರ ದಶಕದಿಂದ ಈಚೆಗೆ. ಅದಕ್ಕೆ ಮೊದಲು ಶಾಲೆ ಕಾಲೇಜುಗಳ ಪ್ರಶ್ನೆಪತ್ರಿಕೆಗಳಿಗೆ ಸೈಕ್ಲೋಸ್ಟೈಲ್, ಕಚೇರಿಗಳ ಪತ್ರಗಳಿಗೆ ಕಾರ್ಬನ್ ಹಾಳೆ, ಪುಸ್ತಕಗಳಿಗೆ ವಿದ್ಯಾರ್ಥಿಯ ಸ್ವಂತ ಕೈ ಇವೇ ಸಾಧನಗಳಾಗಿದ್ದವು.

ಕಾರ್ಲ್‌ಸನ್ ಕಂಡ ತತ್ತ್ವವೇ ಇಂದಿಗೂ ನಡೆಯುತ್ತಿದೆ. ಯಂತ್ರದೊಳಗಿನ ಡ್ರಮ್ ಎಂಬ ಉರುಳೆಯ ಮೇಲ್ಮೈ ಕತ್ತಲಲ್ಲಿ ವಿದ್ಯುತ್ ಆವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಳಕು ಬಿದ್ದ ಕಡೆ ಬಿಟ್ಟುಕೊಡುತ್ತದೆ. ಪುಟದ ಬಿಳಿ ಭಾಗದಿಂದ ಬೆಳಕು ಮರಳಿ ಉರುಳೆಗೆ ಬಡಿದು ಆವೇಶ ಅಳಿಯುತ್ತದೆ, ಕಪ್ಪು ಅಕ್ಷರಗಳಿದ್ದ ಜಾಗದಲ್ಲಿ ಮಾತ್ರ ಉಳಿಯುತ್ತದೆ. ಹೀಗೆ ಉಳಿದ ಆವೇಶಕ್ಕೆ ಟೋನರ್ ಎಂಬ ನಯವಾದ ಕಪ್ಪು ಪುಡಿ ಅಂಟಿ, ಅಲ್ಲಿಂದ ಹಾಳೆಗೆ ದಾಟಿ, ಬಿಸಿ ರೋಲರುಗಳ ನಡುವೆ ಕರಗಿ ಕೂತುಕೊಳ್ಳುತ್ತದೆ, ಹೊರಬಂದ ಹಾಳೆ ಬೆಚ್ಚಗಿರುವುದು ಇದರಿಂದಲೇ. ಇತ್ತೀಚಿನ ಯಂತ್ರಗಳಲ್ಲಿ ಪುಟವನ್ನು ಮೊದಲು ಸ್ಕ್ಯಾನ್ ಮಾಡಿ ಆಮೇಲೆ ಲೇಸರ್ ಕಿರಣದಿಂದ ಉರುಳೆಯ ಮೇಲೆ ಬರೆಯುತ್ತಾರೆ. ಟೋನರ್ ಮೂಲತಃ ಪ್ಲಾಸ್ಟಿಕ್ ಆದ್ದರಿಂದ ನೆರಳಚ್ಚಿನ ಹಾಳೆಗಳನ್ನು ಮೆತ್ತನೆಯ ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅಕ್ಷರಗಳು ಕವರಿಗೆ ಅಂಟಿಕೊಂಡು ಬರುತ್ತವೆ. ಪ್ರಮಾಣಪತ್ರಗಳ ಪ್ರತಿ ಕೂಡಿಡುವವರು ಇದನ್ನು ಗಮನದಲ್ಲಿಡಬೇಕು.

ಕನ್ನಡ ಪಠ್ಯಕ್ಕೆ ಸಂಬಂಧಿಸಿ ಮತ್ತೊಂದು ಎಚ್ಚರ ಬೇಕು, ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಹಾಳೆ ಉಳಿಸಲೆಂದು ಎರಡು ಪುಟಗಳನ್ನು ಒಂದೇ ಹಾಳೆಗೆ ಕುಗ್ಗಿಸುವುದು, ಪುಸ್ತಕ ಸಿಗದೆ ಹಿಂದಿನ ವರ್ಷದವರ ನೆರಳಚ್ಚಿನಿಂದಲೇ ಮತ್ತೆ ನೆರಳಚ್ಚು ತೆಗೆಸುವುದು, ಇವೆರಡೂ ಕಾಲೇಜುಗಳಲ್ಲಿ ದಿನನಿತ್ಯದ ರೂಢಿ. ಇಂಗ್ಲಿಷ್ ಅಕ್ಷರಗಳು ಇಂಥ ಸವೆತವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಕನ್ನಡದಲ್ಲಿ ಅರ್ಥದ ಭಾರವೆಲ್ಲ ಸಣ್ಣ ಗೆರೆಗಳ ಮೇಲೆ ನಿಂತಿರುವುದರಿಂದ ಅದರ ಅಕ್ಷರಗಳು ತಾಳುವುದಿಲ್ಲ. ಪಕಾರವನ್ನು ಷಕಾರದಿಂದ ಬೇರ್ಪಡಿಸುವುದು ಒಳಗಿನ ಒಂದು ಗೀಟು, ದಕಾರವನ್ನು ಧಕಾರದಿಂದ ಬೇರ್ಪಡಿಸುವುದು ಬುಡದ ಒಂದು ಸೀಳು, ಧಕಾರವನ್ನು ಥಕಾರದಿಂದ ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಸಾಲಿನ ಕೆಳಗೆ ತೂಗುವ ಒತ್ತಕ್ಷರಗಳಂತೂ ಎರಡನೆಯ ತಲೆಮಾರಿನ ಪ್ರತಿಯಲ್ಲೇ ಮಸಿಯ ಉಂಡೆಗಳಾಗಿಬಿಡುತ್ತವೆ. ಹಳಗನ್ನಡ ಪಠ್ಯದಲ್ಲಿ ಱ ಮತ್ತು ೞ ಗಳನ್ನು ಗುರುತಿಸಲಾಗದೆ ಓದುಗ ತಪ್ಪು ಪಾಠವನ್ನೇ ಸರಿಯೆಂದು ಕಲಿಯುವ ಅಪಾಯವೂ ಇದೆ. ಆದ್ದರಿಂದ ಕನ್ನಡ ಪಠ್ಯವನ್ನು ಮೂಲ ಪುಸ್ತಕದಿಂದಲೇ, ಮೂಲದ ಅಳತೆಯಲ್ಲೇ ಅಥವಾ ಸ್ವಲ್ಪ ಹಿಗ್ಗಿಸಿ ತೆಗೆಸಬೇಕು. ಹಳದಿ ಬಣ್ಣಕ್ಕೆ ತಿರುಗಿದ ಹಳೆಯ ಹಾಳೆಯಾದರೆ ತುಸು ತಿಳಿಯಾಗಿ ತೆಗೆಯುವಂತೆ ಯಂತ್ರ ನಡೆಸುವವರಿಗೆ ಹೇಳಬೇಕು. ಓಲೆಗರಿಯನ್ನಾಗಲಿ, ಮುಟ್ಟಿದರೆ ಮುರಿಯುವ ಹಳೆಯ ಪತ್ರಿಕೆಯನ್ನಾಗಲಿ ಯಂತ್ರದ ಗಾಜಿನ ಮೇಲೆ ಒತ್ತಿ ಹಾಸುವುದು ಸಲ್ಲದು; ಅವಕ್ಕೆ ಮೇಲಿನಿಂದ ತೆಗೆಯುವ ಛಾಯಾಚಿತ್ರವೇ ದಾರಿ.

ಪುಸ್ತಕದ ನೆರಳಚ್ಚು ಕಾನೂನಿಗೆ ಸಮ್ಮತವೇ ಎಂಬ ಅಳುಕು ವಿದ್ಯಾರ್ಥಿಗಳಲ್ಲೂ ಗ್ರಂಥಪಾಲಕರಲ್ಲೂ ಇದೆ. ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಏರಿದ್ದು ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಕೋಣೆಯಿಂದ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ವಿಶ್ವವಿದ್ಯಾಲಯದ ಪರವಾನಗಿ ಪಡೆದು ನಡೆಯುತ್ತಿದ್ದ ರಾಮೇಶ್ವರಿ ಫೋಟೊಕಾಪಿ ಸರ್ವಿಸ್, ಅಧ್ಯಾಪಕರು ಸೂಚಿಸಿದ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಕೂಡಿಸಿ ಬೈಂಡ್ ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ಇದರ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದವು. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ದಾವೆಯನ್ನು ವಜಾ ಮಾಡಿದರು. ಗ್ರಂಥಾಲಯದಲ್ಲಿ ಕೂತು ಕೈಯಿಂದ ಬರೆದುಕೊಳ್ಳುವುದು ತಪ್ಪಲ್ಲವಾದರೆ ಅದೇ ಕೆಲಸವನ್ನು ಯಂತ್ರ ಮಾಡಿದ ಮಾತ್ರಕ್ಕೆ ಅಪರಾಧವಾಗದು ಎಂಬುದು ಆ ತೀರ್ಪಿನ ಒಂದು ಮುಖ್ಯ ತರ್ಕ. ಅದೇ ವರ್ಷದ ಡಿಸೆಂಬರ್ 9ರಂದು ವಿಭಾಗೀಯ ಪೀಠವು, ಬೋಧನೆಯ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟನ್ನು ನಕಲು ಮಾಡಬಹುದೆಂಬ ತತ್ತ್ವವನ್ನು ಒಪ್ಪಿತಾದರೂ, ಆ ಪ್ರಕರಣದಲ್ಲಿ ತೆಗೆದ ಪ್ರತಿಗಳು ಆ ಅಗತ್ಯದೊಳಗೇ ಇದ್ದವೇ ಎಂಬುದು ವಿಚಾರಣೆಯಿಂದ ತಿಳಿಯಬೇಕೆಂದು ಪ್ರಕರಣವನ್ನು ಮರಳಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರೇ ದಾವೆಯನ್ನು ಹಿಂತೆಗೆದುಕೊಂಡರು.

ಈ ತೀರ್ಪುಗಳಿಗೆ ಆಧಾರವಾದದ್ದು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಸೆಕ್ಷನ್. ಕೃತಿಸ್ವಾಮ್ಯವೆಂದರೆ ಬರೆದವರಿಗೆ ತಮ್ಮ ಬರಹದ ಪ್ರತಿಗಳ ಮೇಲೆ ಇರುವ ಹಕ್ಕು. ಆ ಹಕ್ಕಿಗೆ ಧಕ್ಕೆಯಾಗದ ಬಳಕೆಗಳನ್ನು ಈ ಸೆಕ್ಷನ್ ಪಟ್ಟಿ ಮಾಡುತ್ತದೆ. ಅಧ್ಯಾಪಕ ಅಥವಾ ವಿದ್ಯಾರ್ಥಿ ಬೋಧನೆಯ ಭಾಗವಾಗಿ ಮಾಡುವ ಪ್ರತಿ, ಸಂಶೋಧನೆಯೂ ಸೇರಿದಂತೆ ಸ್ವಂತ ಉಪಯೋಗಕ್ಕಾಗಿ ನ್ಯಾಯವಾಗಿ ಮಾಡುವ ಬಳಕೆ ಅದರಲ್ಲಿ ಸೇರಿವೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರಕ್ಕೆ ಮೀರದಂತೆ ಪ್ರತಿ ಮಾಡಿಕೊಳ್ಳಬಹುದು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದರೆ ಕೃತಿಸ್ವಾಮ್ಯವೇ ಮುಗಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯ, 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈ ಇವರ ಬರಹಗಳನ್ನು ಇಂದು ಯಾರ ಅಪ್ಪಣೆಯೂ ಇಲ್ಲದೆ ನಕಲು ಮಾಡಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಬರಹಗಳಿಗೆ ಆ ಸ್ವಾತಂತ್ರ್ಯ ಇಲ್ಲ. ಅಂಗಡಿಗಳಲ್ಲಿ ಸಿಗುವ ಕನ್ನಡ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಜೆರಾಕ್ಸ್ ಮಾಡಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿ ಹಂಚುವುದನ್ನು ಸೆಕ್ಷನ್‌ಗಳ ಬಲದಿಂದ ಸಮರ್ಥಿಸಹೊರಡುವುದು ಸರಿಯಲ್ಲ, ಏಕೆಂದರೆ ಸಣ್ಣ ಮುದ್ರಣಗಳಲ್ಲಿ ಬದುಕುವ ಕನ್ನಡ ಲೇಖಕರಿಗೂ ಪ್ರಕಾಶಕರಿಗೂ ನೂರು ಪ್ರತಿಗಳ ನಷ್ಟವೂ ದೊಡ್ಡದೇ.

ಸೇವೆಯ ನಿಜವಾದ ಬಲ ಕಾಣುವುದು ಸಿಗದ ಪುಸ್ತಕಗಳ ವಿಷಯದಲ್ಲಿ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟ 1898ರಲ್ಲಿ ಹೊರಬಂದಿತು; ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ತನ್ನ ಊರಿನ ದೇವಸ್ಥಾನದ ಕಲ್ಲಿನ ಬರಹವನ್ನು ಓದಬಯಸುವ ವಿದ್ಯಾರ್ಥಿಗೆ ಆ ಭಾರಿ ಸಂಪುಟ ಮನೆಗೆ ಸಿಗದು, ಬೇಕಿರುವುದೂ ನಾಲ್ಕಾರು ಪುಟ ಮಾತ್ರ. ರೈಸ್ 1927ರಲ್ಲಿ ತೀರಿಕೊಂಡದ್ದರಿಂದ ಕಾನೂನಿನ ತೊಡಕೂ ಇಲ್ಲ. ಆ ಪುಟಗಳನ್ನು ಕೈಗಿಡುವ ಜೆರಾಕ್ಸ್ ಕೋಣೆಯು ಒಬ್ಬ ಸಂಶೋಧಕನನ್ನು ಹುಟ್ಟಿಸಬಲ್ಲದು.

ಪರೀಕ್ಷಾಂಗ ವಿಭಾಗದಲ್ಲೂ ಈ ಸೇವೆಗೆ ಕೆಲಸವಿದೆ. ತಾನು ಬರೆದ ಉತ್ತರಪತ್ರಿಕೆಯನ್ನು ನೋಡುವ, ಅದರ ಪ್ರತಿ ಪಡೆಯುವ ಹಕ್ಕು ಮಾಹಿತಿ ಹಕ್ಕು ಕಾಯಿದೆಯಡಿ ಪರೀಕ್ಷಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದು ಸಿಬಿಎಸ್‌ಇ ಪ್ರಕರಣದಲ್ಲಿ ತೀರ್ಪಿತ್ತ ಮೇಲೆ, ಮರುಮೌಲ್ಯಮಾಪನಕ್ಕೆ ಮೊದಲು ನೆರಳಚ್ಚು ಪ್ರತಿ ಕೇಳುವುದು ಸಹಜ ಕ್ರಮವಾಗಿದೆ.

ಬಳಸುವವರು ಪಾಲಿಸಬೇಕಾದ ಕ್ರಮ ಸರಳ. ಪುಸ್ತಕದ ಶೀರ್ಷಿಕೆ, ಕರೆಸಂಖ್ಯೆ, ಬೇಕಾದ ಪುಟಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ. ಶೀರ್ಷಿಕೆ ಪುಟವನ್ನೂ ಅದರ ಬೆನ್ನಿನ ಪ್ರಕಟಣೆಯ ವಿವರಗಳ ಪುಟವನ್ನೂ ಕಡ್ಡಾಯವಾಗಿ ಸೇರಿಸಿ ತೆಗೆಸಬೇಕು, ಇಲ್ಲವಾದರೆ ಪ್ರಬಂಧದ ಅಡಿಟಿಪ್ಪಣಿ ಬರೆಯುವಾಗ ಇದು ಯಾವ ಮುದ್ರಣ, ಯಾವ ವರ್ಷ ಎಂದು ಮತ್ತೆ ಗ್ರಂಥಾಲಯಕ್ಕೆ ಓಡಬೇಕಾಗುತ್ತದೆ. ಪುಟಸಂಖ್ಯೆ ಕತ್ತರಿಸಿ ಹೋಗಿಲ್ಲವೆಂದು ಕೌಂಟರಿನ ಮುಂದೆಯೇ ನೋಡಿಕೊಳ್ಳುವುದು ಒಳ್ಳೆಯದು. ಶಾಖಸಂವೇದಿ ಕಾಗದದಲ್ಲಿ ಮುದ್ರಿಸಿದ ಶುಲ್ಕದ ರಸೀದಿಗಳು ಕಾಲಕ್ರಮೇಣ ಮಾಸಿಹೋಗುವುದರಿಂದ ಅವುಗಳ ನೆರಳಚ್ಚನ್ನೂ ಕೂಡಲೇ ತೆಗೆಸಿಟ್ಟುಕೊಳ್ಳಬೇಕು. ಮೊಬೈಲಿನಲ್ಲಿ ಪುಟದ ಚಿತ್ರ ತೆಗೆದುಕೊಳ್ಳುವುದು ಈಗ ಸುಲಭವಾಗಿದೆಯಾದರೂ, ಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಬರೆದು, ಗೆಳೆಯರೊಡನೆ ಹಂಚಿಕೊಂಡು ಓದುವ ನಿಧಾನದ ಓದಿಗೆ ಕಾಗದಕ್ಕೆ ಸಮನಾದುದು ಇನ್ನೂ ಬಂದಿಲ್ಲ.

ಇಂಥ ಸೇವೆಯನ್ನು ಸಂಸ್ಥೆಯ ನೌಕರರೇ ನಡೆಸಬಹುದು, ಅಥವಾ ದೆಹಲಿಯಲ್ಲಿ ಆದಂತೆ ಗುತ್ತಿಗೆದಾರರು ನಡೆಸಬಹುದು. ದರವನ್ನೂ ಹೊತ್ತನ್ನೂ ಗೊತ್ತುಮಾಡುವ ಹೊಣೆ ಮಾತ್ರ ವಿಶ್ವವಿದ್ಯಾಲಯದ್ದೇ. ರಾಜ್ಯದ ಹೊಸ ಜಿಲ್ಲಾ ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಾಲಯಗಳನ್ನು ಕಟ್ಟಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ, ಪುಟವೊಂದರ ದರವನ್ನು ಕನ್ನಡದಲ್ಲಿ ಬರೆದ ಫಲಕವನ್ನು ಕೌಂಟರಿನಲ್ಲಿ ತೂಗುಹಾಕಬೇಕು, ಊರಿಗೆ ಹೋಗುವ ಬಸ್ಸಿನ ವೇಳೆಯನ್ನು ನೋಡಿಕೊಂಡು ಕೋಣೆಯನ್ನು ತೆರೆದಿಡಬೇಕು, ಯಂತ್ರ ಕೆಟ್ಟರೆ ವಾರಗಟ್ಟಲೆ ಬೀಗ ಹಾಕದಂತೆ ಟೋನರ್ ಮತ್ತು ದುರಸ್ತಿಗೆ ಗ್ರಂಥಾಲಯದ ಆಯವ್ಯಯದಲ್ಲೇ ಪ್ರತ್ಯೇಕ ಹಣ ಇಡಬೇಕು, ಮತ್ತು ವಿದ್ಯಾರ್ಥಿಗಳೂ ಅಧ್ಯಾಪಕರೂ ಇಷ್ಟನ್ನು ತಮ್ಮ ಗ್ರಂಥಾಲಯ ಸಮಿತಿಗಳ ಮುಂದೆ ಲಿಖಿತವಾಗಿ ಕೇಳಬೇಕು.